ಬೇಲಿ ಎದ್ದು ಹೊಲ ಮೇಯ್ದಿತೆ?

ಸಂಧಿವಾತದ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತವರ ಕೈಗೆ ಮೊದಲು ಸಿಗುವ ಗಾದೆ ಒಂದೇ: ಬೇಲಿಯೇ ಎದ್ದು ಹೊಲ ಮೇಯ್ದಂತೆ. ದೇಹವನ್ನು ಕಾಯಬೇಕಾದ ಬಿಳಿ ರಕ್ತಕಣಗಳೇ ದೇಹದ ಕೀಲುಗಳ ಮೇಲೆ ತಿರುಗಿಬೀಳುತ್ತವೆ, ಕಾಯಿಲೆ ಎಂದರೆ ಇಷ್ಟೇ ಎಂದು ಹೇಳಿ ಮುಗಿಸುವುದು ರೂಢಿಯಾಗಿದೆ. ಗಾದೆ ಸೊಗಸಾಗಿದೆ, ಒಮ್ಮೆ ಕೇಳಿದರೆ ತಲೆಯಲ್ಲಿ ಉಳಿಯುತ್ತದೆ. ತೊಂದರೆ ಇರುವುದೂ ಅಲ್ಲೇ. ಊದಿದ ಕೀಲಿನೊಳಗಿಂದ ಸೂಜಿಯಲ್ಲಿ ತೆಗೆದ ಅಂಗಾಂಶದ ಚೂರುಗಳನ್ನು ಕೋಶಕೋಶವಾಗಿ ಬಿಡಿಸಿ ನೋಡಿದವರಿಗೆ ಈಚಿನ ವರ್ಷಗಳಲ್ಲಿ ಕಂಡ ಚಿತ್ರ ಬೇರೆ. ಅಲ್ಲಿ ಬೇಲಿಯ ಕೆಲವು ಗೂಟಗಳು ಹೊಲಕ್ಕೆ ಬಾಯಿ ಹಾಕಿರುವುದು ನಿಜ. ಆದರೆ ಅದೇ ಬೇಲಿಯ ಇನ್ನೊಂದು ಭಾಗ ಕಿತ್ತುಹೋಗಿರುತ್ತದೆ, ಮತ್ತೊಂದು ಭಾಗ ನಿಂತಲ್ಲೇ ನಿಂತು ಮೇಯುವುದನ್ನು ತಡೆಯಲು ಹೆಣಗುತ್ತಿರುತ್ತದೆ. ಹೊಲದ ಮಣ್ಣೇ ದನಗಳನ್ನು ಕೂಗಿ ಕರೆಯುವುದೂ ಉಂಟು. ಈ ವ್ಯತ್ಯಾಸ ಪಂಡಿತರ ಸಣ್ಣ ತಕರಾರಲ್ಲ. ರೋಗನಿರೋಧಕ ಕೋಶಗಳೆಲ್ಲ ಶತ್ರುಗಳೆಂದು ನಂಬಿದವರು ಔಷಧವನ್ನು ಒಂದು ರೀತಿ ನೋಡುತ್ತಾರೆ, ಅವುಗಳಲ್ಲಿ ಕೆಲವು ಈಗಲೂ ಕೀಲನ್ನು ಕಾಯುತ್ತಿವೆ ಎಂದು ತಿಳಿದವರು ಇನ್ನೊಂದು ರೀತಿ. ಊರು ಬಿಟ್ಟು ಬಂದವರೇ ಹೆಚ್ಚಿರುವ ಕತಾರ್‌ನಂಥ ದೇಶದಲ್ಲಿ ಈ ಎರಡು ನೋಟಗಳ ನಡುವಿನ ಅಂತರ ಇನ್ನೂ ಎದ್ದು ಕಾಣುತ್ತದೆ.

ಮೊದಲು ಹೆಸರಿನ ಗೊಂದಲ ಕಳೆದುಕೊಳ್ಳೋಣ. ನಮ್ಮಲ್ಲಿ ಮಂಡಿ ಹಿಡಿದರೂ ವಾತ, ಸೊಂಟ ಹಿಡಿದರೂ ವಾತ. ವಯಸ್ಸಾದಂತೆ ಮೂಳೆಯ ತುದಿಯ ಮೆತ್ತೆ ಸವೆದು ಬರುವ ಮಂಡಿನೋವು ಬೇರೆ. ಇಲ್ಲಿ ಹೇಳಹೊರಟಿರುವುದು ರುಮಟಾಯ್ಡ್ ಸಂಧಿವಾತ. ಎರಡೂ ಕೈಗಳ ಬೆರಳ ಬುಡ, ಮಣಿಕಟ್ಟು, ಕಾಲ್ಬೆರಳುಗಳಲ್ಲಿ ಜೋಡಿಯಾಗಿ ಕಾಣಿಸಿಕೊಂಡು, ಬೆಳಗ್ಗೆ ಏಳುವಾಗ ತಾಸುಗಟ್ಟಲೆ ಮುಷ್ಟಿ ಕಟ್ಟಲು ಬಿಡದ ಕಾಯಿಲೆ. ಇದಕ್ಕೆ ಈ ಇಂಗ್ಲಿಷ್ ಹೆಸರು ಕೊಟ್ಟವನು ಲಂಡನ್ನಿನ ವೈದ್ಯ ಆಲ್‌ಫ್ರೆಡ್ ಗ್ಯಾರಡ್, 1859ರಲ್ಲಿ. ಅದಕ್ಕಿಂತ ಸಾವಿರ ವರ್ಷಕ್ಕೂ ಹಿಂದಿನ ಮಾಧವನಿದಾನದಲ್ಲಿ ಆಮವಾತವೆಂಬ ರೋಗದ ವರ್ಣನೆ ಇದೆ, ಅದರ ಹಲವು ಲಕ್ಷಣಗಳು ಇದನ್ನು ಹೋಲುತ್ತವೆ. ಜಗತ್ತಿನ ನೂರಿನ್ನೂರು ಮಂದಿ ವಯಸ್ಕರಲ್ಲಿ ಒಬ್ಬರಿಗೆ ಇದು ಇರುತ್ತದೆ ಎಂಬುದು ಒಪ್ಪಿತ ಅಂದಾಜು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು.

ಕತಾರ್‌ನ ಜನಸಂಖ್ಯೆ ಸುಮಾರು 30 ಲಕ್ಷ. ಅದರಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಮಂದಿ ಹೊರಗಿನವರು, ಹೊರಗಿನವರಲ್ಲಿ ಭಾರತೀಯರದೇ ಎಲ್ಲಕ್ಕಿಂತ ದೊಡ್ಡ ಗುಂಪು. ಮಂಗಳೂರು, ಉಡುಪಿ, ಭಟ್ಕಳ, ಕಾಸರಗೋಡಿನ ಕಡೆಯಿಂದ ಹೋದ ಕುಟುಂಬಗಳು ಅಲ್ಲಿ ಕರ್ನಾಟಕ ಸಂಘ, ತುಳುಕೂಟಗಳನ್ನು ಕಟ್ಟಿಕೊಳ್ಳುವಷ್ಟು ನೆಲೆ ನಿಂತಿವೆ. ದೇಶದ ಸರ್ಕಾರಿ ಆಸ್ಪತ್ರೆ ವ್ಯವಸ್ಥೆಯ ಬೆನ್ನೆಲುಬು 1979ರಲ್ಲಿ ಸ್ಥಾಪನೆಯಾದ ಹಮದ್ ಮೆಡಿಕಲ್ ಕಾರ್ಪೊರೇಷನ್. ಅದರ ದೊಡ್ಡ ಆಸ್ಪತ್ರೆ ದೋಹಾದಲ್ಲಿ 1982ರಲ್ಲಿ ತೆರೆಯಿತು. ಅಲ್ಲಿನ ನಿವಾಸಿಗಳಲ್ಲಿ ಹತ್ತಕ್ಕೆ ಏಳು ಮಂದಿ ಗಂಡಸರಾದ್ದರಿಂದ ಹೆಂಗಸರನ್ನೇ ಹೆಚ್ಚು ಹಿಡಿಯುವ ಈ ಕಾಯಿಲೆ ಸಾರ್ವಜನಿಕರ ಕಣ್ಣಿಗೆ ಬೀಳುವುದು ಕಡಿಮೆ. ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಸಿಗುವ ಪ್ರಚಾರ ಇದಕ್ಕೆ ಇಲ್ಲ. ಆದರೆ ಒಂದೇ ಸೂರಿನಡಿ ಅರಬರು, ಮಲಯಾಳಿಗಳು, ತುಳುವರು, ನೇಪಾಳಿಗಳು, ಫಿಲಿಪಿನೋಗಳು ಒಂದೇ ಕಾಯಿಲೆಗೆ ಒಂದೇ ಚುಚ್ಚುಮದ್ದು ತೆಗೆದುಕೊಳ್ಳುವ ಸ್ಥಳ ಜಗತ್ತಿನಲ್ಲಿ ಹೆಚ್ಚಿಲ್ಲ. ಪ್ರತಿಯೊಬ್ಬರ ರೋಗನಿರೋಧಕ ಕೋಶಗಳೂ ಬೇರೆ ಬೇರೆ ಊರಿನ ಸೋಂಕುಗಳ ನೆನಪು ಹೊತ್ತು ಬಂದಿರುತ್ತವೆ. ಆ ನೆನಪಿನ ಕಥೆಗೆ ಆಮೇಲೆ ಬರೋಣ.

ಆರೋಗ್ಯವಂತ ಕೀಲಿನ ಒಳಮೈಗೆ ಒಂದು ತೆಳು ಪೊರೆ ಇರುತ್ತದೆ. ಅದರ ಮೇಲ್ಪದರ ಒಂದೆರಡು ಕೋಶಗಳಷ್ಟು ದಪ್ಪ, ಅಷ್ಟೇ. ಎರಡು ಮೂಳೆಗಳ ತುದಿ ಒಂದನ್ನೊಂದು ಉಜ್ಜದಂತೆ ಜಾರಿಸುವ ಎಣ್ಣೆಯಂಥ ದ್ರವವನ್ನು ಒದಗಿಸುವುದು ಈ ಪೊರೆಯ ಕೆಲಸ. ಆ ದ್ರವದ ಒಂದು ಹನಿಯಲ್ಲೂ ಬಿಳಿ ರಕ್ತಕಣಗಳು ವಿರಳ. ಒಂದು ಮೈಕ್ರೊಲೀಟರ್‌ಗೆ ಇನ್ನೂರಕ್ಕಿಂತ ಕಡಿಮೆ. ಸಂಧಿವಾತದಲ್ಲಿ ಅದು ಸಾವಿರಗಳಿಗೆ, ಕೆಲವೊಮ್ಮೆ ಐವತ್ತು ಸಾವಿರಕ್ಕೆ ಏರುತ್ತದೆ. ಒಂದೆರಡು ಕೋಶ ದಪ್ಪವಿದ್ದ ಪದರ ಹತ್ತು ಕೋಶಗಳಷ್ಟು ಉಬ್ಬುತ್ತದೆ, ಹೊಸ ರಕ್ತನಾಳಗಳು ನುಗ್ಗುತ್ತವೆ, ಪೊರೆ ಬಳ್ಳಿಯ ಹಾಗೆ ಮೃದ್ವಸ್ಥಿಯ ಮೇಲೆ ಹಬ್ಬಿ ಮೂಳೆಯ ಅಂಚನ್ನು ಕೊರೆಯಲು ಶುರುಮಾಡುತ್ತದೆ. ದ್ರವದಲ್ಲಿ ಈಜುವ ಬಹುಪಾಲು ಕಣಗಳು ನ್ಯೂಟ್ರೊಫಿಲ್‌ಗಳು. ಪೊರೆಯೊಳಗೆ ಬೀಡುಬಿಟ್ಟವು ಟಿ ಕೋಶ, ಬಿ ಕೋಶ, ಮ್ಯಾಕ್ರೊಫೇಜ್‌ಗಳು. ಇವುಗಳ ನಡುವೆ ಫೈಬ್ರೊಬ್ಲಾಸ್ಟ್ ಎಂಬ ಕೋಶಗಳೂ ಇವೆ. ಅವು ರೋಗನಿರೋಧಕ ಪಡೆಗೆ ಸೇರಿದವಲ್ಲ, ಕೀಲಿನ ನಾರು ನೇಯುವ ಸ್ಥಳೀಯ ನೇಕಾರರು. (ಈ ಹೆಸರುಗಳನ್ನಿಟ್ಟವರಿಗೆ ಸಾಮಾನ್ಯ ಓದುಗರ ಮೇಲೆ ದಯೆ ಇರಲಿಲ್ಲ ಎಂಬುದು ನಿಜವೇ. ಆದರೂ ಕಥೆಯ ಪಾತ್ರಗಳು ಇವೇ.)

ಕಥೆ ಶುರುವಾಗುವುದು ಕೀಲಿನಲ್ಲಲ್ಲ. ನಮ್ಮ ಪ್ರೋಟೀನುಗಳಲ್ಲಿ ಅರ್ಜಿನಿನ್ ಎಂಬ ಅಂಶ ಒಂದು ಕಿಣ್ವದ ಕೈಗೆ ಸಿಕ್ಕು ಸಿಟ್ರುಲಿನ್ ಆಗಿ ಬದಲಾಗುವುದು ದಿನನಿತ್ಯದ ಸಂಗತಿ. ಧೂಮಪಾನ ಮಾಡುವವರ ಶ್ವಾಸಕೋಶದಲ್ಲಿ, ಊದಿದ ಒಸಡಿನಲ್ಲಿ ಇದು ಹೆಚ್ಚು ನಡೆಯುತ್ತದೆ. ಕೆಲವರಲ್ಲಿ ಬಿ ಕೋಶಗಳು ಈ ಬದಲಾದ ಪ್ರೋಟೀನನ್ನು ಪರಕೀಯವೆಂದು ತಿಳಿದು ಅದರ ವಿರುದ್ಧ ಪ್ರತಿಕಾಯ ತಯಾರಿಸುತ್ತವೆ. ವೈದ್ಯರು ಬರೆದುಕೊಡುವ ಆ್ಯಂಟಿ ಸಿಸಿಪಿ ರಕ್ತಪರೀಕ್ಷೆ ಹುಡುಕುವುದು ಇದನ್ನೇ. ಹಾಲೆಂಡಿನಲ್ಲಿ ಮತ್ತು ಸ್ವೀಡನ್ನಿನಲ್ಲಿ, ಮುಂದೆ ಸಂಧಿವಾತಕ್ಕೆ ಗುರಿಯಾದವರು ಹಿಂದೆ ಎಂದೋ ಕೊಟ್ಟಿದ್ದ ರಕ್ತವನ್ನು ಶೀತಪೆಟ್ಟಿಗೆಯಿಂದ ತೆಗೆದು ಪರೀಕ್ಷಿಸಿದಾಗ, ಬೆರಳು ನೋಯುವುದಕ್ಕೆ ವರ್ಷಗಳ ಮೊದಲೇ ಈ ಪ್ರತಿಕಾಯಗಳು ಕಾಣಿಸಿಕೊಂಡಿದ್ದವು. ಗಾದೆಯ ಮೊದಲ ಸೋಲು ಇಲ್ಲಿ. ಬೇಲಿ ಎದ್ದದ್ದು ವರ್ಷಗಳ ಹಿಂದೆ. ಹೊಲ ಮಾತ್ರ ಅಷ್ಟು ದಿನ ಹಸಿರಾಗಿಯೇ ಇತ್ತು. ಪ್ರತಿಕಾಯ ಇದ್ದೂ ಕಾಯಿಲೆ ಬಾರದವರು ಇದ್ದಾರೆ, ಕಾಯಿಲೆ ಇದ್ದೂ ಪ್ರತಿಕಾಯ ಸಿಗದವರೂ ಇದ್ದಾರೆ. ಹಾಗಾದರೆ ತಿರುಗಿಬೀಳುವುದೊಂದೇ ಸಾಕಾಗುವುದಿಲ್ಲ. ಕೀಲಿನೊಳಗೆ ಇನ್ನೇನೋ ಮುರಿಯಬೇಕು.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳಿಂದಲೇ ಅಲ್ಲವೇ ಕಾಯಿಲೆ ಹತೋಟಿಗೆ ಬಂದದ್ದು? ದಾಳಿಕೋರರನ್ನು ತಡೆದದ್ದಕ್ಕೇ ಗುಣವಾಯಿತು ಎಂದಮೇಲೆ ಗಾದೆಯಲ್ಲಿ ತಪ್ಪೇನು? ಉತ್ತರಕ್ಕೆ ಲಂಡನ್ನಿನ ಕೆನಡಿ ಸಂಸ್ಥೆಯ ಕೆಲಸವನ್ನು ನೋಡಬೇಕು. ಅಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ಭಾರತದಲ್ಲಿ ಹುಟ್ಟಿದ ರವೀಂದರ್ ಮೈನಿ ಅವರ ತಂಡ 1989ರಲ್ಲಿ ರೋಗಿಗಳ ಕೀಲುಪೊರೆಯ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿ ಒಂದು ವಿಷಯ ಕಂಡುಕೊಂಡಿತು. ಉರಿಯೂತ ಹಬ್ಬಿಸುವ ಹತ್ತಾರು ರಾಸಾಯನಿಕ ಸಂದೇಶಗಳ ನಡುವೆ, ಮುಖ್ಯವಾಗಿ ಮ್ಯಾಕ್ರೊಫೇಜ್‌ಗಳು ಸುರಿಸುವ ಟಿಎನ್‌ಎಫ್ ಎಂಬ ಒಂದನ್ನು ತಡೆದರೆ ಉಳಿದವೂ ತಗ್ಗುತ್ತವೆ. ಒಂದನ್ನು ಮುಚ್ಚಿದರೆ ಇನ್ನೊಂದು ಆ ಕೆಲಸ ಮಾಡುತ್ತದೆ ಎಂದು ಆಗ ಹಲವರು ನಂಬಿದ್ದರು. 1992ರಲ್ಲಿ ಇಪ್ಪತ್ತು ರೋಗಿಗಳಿಗೆ ಟಿಎನ್‌ಎಫ್ ತಡೆಯುವ ಔಷಧ ಕೊಟ್ಟಾಗ ಆ ನಂಬಿಕೆ ಸುಳ್ಳಾಯಿತು. ಇಂದು ಇನ್‌ಫ್ಲಿಕ್ಸಿಮ್ಯಾಬ್, ಅಡಾಲಿಮುಮ್ಯಾಬ್ ಎಂಬ ಹೆಸರುಗಳು ರೋಗಿಗಳ ಬಾಯಲ್ಲೂ ಓಡಾಡುವುದಕ್ಕೆ ಅದೇ ಮೂಲ. ಗಮನಿಸಬೇಕಾದದ್ದು ಇಷ್ಟು: ಈ ಔಷಧದ ಗುರಿ ಕೋಶವಲ್ಲ, ಕೋಶಗಳು ತಮ್ಮೊಳಗೆ ಆಡುವ ಮಾತು. ಜಗಳದ ಬೀದಿಯಲ್ಲಿ ಜನರನ್ನು ಹೊಡೆದುಹಾಕಿದ್ದಲ್ಲ, ಧ್ವನಿವರ್ಧಕದ ತಂತಿ ಕಿತ್ತದ್ದು.

ಕೋಶಗಳನ್ನೇ ನೇರವಾಗಿ ಹೊಡೆದ ಪ್ರಯೋಗಗಳ ಕಥೆ ಬೇರೆ. ಸಿಡಿ4 ಎಂಬ ಗುರುತಿನ ಟಿ ಕೋಶಗಳೇ ಈ ದಂಗೆಯ ನಾಯಕರು ಎಂಬ ವಾದ ಆಗ ಬಲವಾಗಿತ್ತು. ಕಾಯಿಲೆಯ ಆನುವಂಶಿಕ ಸುಳಿವುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ಎಚ್‌ಎಲ್‌ಎ ಜೀನುಗಳಲ್ಲಿದೆ, ಅವುಗಳ ಕೆಲಸವೇ ಟಿ ಕೋಶಗಳಿಗೆ ಪ್ರೋಟೀನಿನ ತುಣುಕು ತೋರಿಸುವುದು. ಹಾಗಾಗಿ ವಾದಕ್ಕೆ ತರ್ಕವೂ ಇತ್ತು. 1990ರ ದಶಕದಲ್ಲಿ ಆ ಟಿ ಕೋಶಗಳನ್ನು ರಕ್ತದಿಂದ ಬಳಿದು ತೆಗೆಯುವ ಔಷಧಗಳನ್ನು ಪರೀಕ್ಷಿಸಿದರು. ರಕ್ತದಲ್ಲಿ ಅವುಗಳ ಲೆಕ್ಕ ಕುಸಿಯಿತು, ಕೀಲುಗಳ ಊತ ಮಾತ್ರ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ. ಅದೇ ಟಿ ಕೋಶಗಳನ್ನು ಕೊಲ್ಲದೆ, ಅವು ಎಚ್ಚರಗೊಳ್ಳಲು ಬೇಕಾದ ಎರಡನೇ ಸಂಕೇತವನ್ನು ಮಾತ್ರ ತಡೆಯುವ ಅಬಟಾಸೆಪ್ಟ್ ಕೆಲಸ ಮಾಡಿತು. ಅಮೆರಿಕದಲ್ಲಿ 2005ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಕೋಶ ಇತ್ತು, ಮಾತು ನಿಂತಿತ್ತು, ರೋಗಿ ಚೇತರಿಸಿಕೊಂಡ. ಇಲ್ಲಿ ನನ್ನ ವಾದಕ್ಕೆ ಅಡ್ಡ ಬರುವ ಉದಾಹರಣೆಯೂ ಒಂದಿದೆ, ಮುಚ್ಚಿಡಬಾರದು. ರಿಟುಕ್ಸಿಮ್ಯಾಬ್ ಎಂಬ ಔಷಧ ಬಿ ಕೋಶಗಳನ್ನು ಕೊಲ್ಲುತ್ತದೆ, ಮತ್ತು ಅನೇಕರಿಗೆ ಚೆನ್ನಾಗಿ ಹಿಡಿಯುತ್ತದೆ. ಆದರೆ ಪ್ರತಿಕಾಯ ಸುರಿಸುವ ಪ್ಲಾಸ್ಮಾ ಕೋಶಗಳನ್ನು ಅದು ಮುಟ್ಟುವುದಿಲ್ಲ. ಪ್ರತಿಕಾಯಗಳು ರಕ್ತದಲ್ಲಿ ಸಾಕಷ್ಟು ಉಳಿದಿರುವಾಗಲೇ ಊತ ಇಳಿಯುವುದುಂಟು. ಅಂದರೆ ಬಿ ಕೋಶದ ಕೇಡು ಅದು ಎಸೆಯುವ ಅಸ್ತ್ರದಲ್ಲಷ್ಟೇ ಅಲ್ಲ, ಟಿ ಕೋಶದ ಕಿವಿಯಲ್ಲಿ ಅದು ಊದುವ ಚಾಡಿಯಲ್ಲೂ ಇದೆ. 2017ರಲ್ಲಿ ಬಾಸ್ಟನ್ನಿನ ಸಂಶೋಧಕರು ಕೀಲುಪೊರೆಯಲ್ಲಿ ಒಂದು ಹೊಸ ಬಗೆಯ ಟಿ ಕೋಶವನ್ನು ಗುರುತಿಸಿದರು. ದುಗ್ಧಗ್ರಂಥಿಯಲ್ಲಿ ನಡೆಯಬೇಕಾದ ಬಿ ಕೋಶಗಳ ತರಬೇತಿಯನ್ನು ಅದು ಕೀಲಿನಲ್ಲೇ ಠಿಕಾಣಿ ಹೂಡಿ ನಡೆಸುತ್ತದೆ. ಈ ಚಾಡಿಯ ವ್ಯವಹಾರಕ್ಕೆ ಅದೂ ಒಂದು ಸಾಕ್ಷಿ.

ಈಗ ಬೇಲಿಯ ವಿಷಯ. 2019ರಲ್ಲಿ ಜರ್ಮನಿಯ ಎರ್ಲಾಂಗೆನ್ ವಿಶ್ವವಿದ್ಯಾಲಯದ ಸಂಶೋಧಕರು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದ ಶೋಧ ಈ ಕ್ಷೇತ್ರದವರನ್ನೇ ಬೆರಗುಗೊಳಿಸಿತು. ಮ್ಯಾಕ್ರೊಫೇಜ್ ಎಂದರೆ ಟಿಎನ್‌ಎಫ್ ಸುರಿಸುವ ಖಳ ಎಂದೇ ಅಷ್ಟರತನಕ ಲೆಕ್ಕ. ಇವರು ಕೀಲನ್ನು ಮೂರು ಆಯಾಮಗಳಲ್ಲಿ ಚಿತ್ರಿಸಿದಾಗ, ಪೊರೆಯ ಒಳಮೈಯಲ್ಲಿ ಒಂದು ಬಗೆಯ ಮ್ಯಾಕ್ರೊಫೇಜ್‌ಗಳು ಒಂದಕ್ಕೊಂದು ತೋಳು ಬೆಸೆದು ಚರ್ಮದ ಕೋಶಗಳಂತೆ ಬಿಗಿಯಾದ ಸಾಲು ಕಟ್ಟಿ ನಿಂತಿದ್ದವು. ಇವು ರಕ್ತದಿಂದ ವಲಸೆ ಬಂದವಲ್ಲ, ಕೀಲಿನಲ್ಲೇ ಹುಟ್ಟಿ ಬೆಳೆಯುವ ಮೂಲನಿವಾಸಿಗಳು. ಇಲಿಗಳಲ್ಲಿ ಸಂಧಿವಾತ ಬರಿಸಿದಾಗ ಮೊದಲು ಕಳಚಿದ್ದು ಈ ಸಾಲು. ಬೇಕೆಂದೇ ಈ ಕೋಶಗಳನ್ನು ನಾಶಮಾಡಿದ ಇಲಿಗಳಲ್ಲಿ ಕಾಯಿಲೆ ಬೇಗ ಬಂತು, ಜೋರಾಗಿಯೂ ಬಂತು. ಅಂದರೆ ಅಕ್ಷರಶಃ ಒಂದು ಬೇಲಿ ಇದೆ, ಅದು ಮೇಯುತ್ತಿಲ್ಲ, ಕಾಯುತ್ತಿದೆ. ಮೇಯುವವು ಬೇರೆ, ಬೇಲಿ ಹರಿದ ಮೇಲೆ ರಕ್ತದಿಂದ ಒಳನುಗ್ಗಿದ ಅದೇ ಜಾತಿಯ ಹೊಸಬರು. ಮೂಳೆಯನ್ನು ಕರಗಿಸುವ ಆಸ್ಟಿಯೊಕ್ಲಾಸ್ಟ್ ಕೋಶಗಳೂ ಮ್ಯಾಕ್ರೊಫೇಜ್ ವಂಶದ ದಾಯಾದಿಗಳೇ ಎಂಬುದನ್ನು ನೆನೆದರೆ, ಒಂದೇ ಮನೆತನದಲ್ಲಿ ಕಾವಲುಗಾರನೂ ಕಳ್ಳನೂ ಹುಟ್ಟುವ ಈ ಜಟಿಲತೆ ಅರ್ಥವಾದೀತು.

ಇಲಿಯ ಕೀಲನ್ನು ನಂಬಿ ಮನುಷ್ಯರ ಬಗ್ಗೆ ತೀರ್ಪು ಕೊಡಬಹುದೇ ಎಂದು ಕೇಳಬೇಕಾದದ್ದೇ. ಇಲಿಯಲ್ಲಿ ಗುಣವಾದ ಸಂಧಿವಾತಗಳ ಪಟ್ಟಿ ಉದ್ದವಿದೆ, ಮನುಷ್ಯರ ಪಟ್ಟಿ ಗಿಡ್ಡ. ಅದಕ್ಕೇ ಮರುವರ್ಷ, 2020ರಲ್ಲಿ, ರೋಮ್ ಮತ್ತು ಗ್ಲಾಸ್ಗೋ ಸಂಶೋಧಕರು ನೇಚರ್ ಮೆಡಿಸಿನ್‌ನಲ್ಲಿ ಪ್ರಕಟಿಸಿದ ಕೆಲಸ ಮುಖ್ಯವಾಗುತ್ತದೆ. ಅವರು ನೋಡಿದ್ದು ರೋಗಿಗಳ ಕೀಲುಪೊರೆಯನ್ನೇ, ಅದೂ ಊದಿದವರದು ಮಾತ್ರವಲ್ಲ, ಔಷಧದಿಂದ ಪೂರ್ತಿ ಶಮನ ಕಂಡವರದನ್ನೂ. ಶಮನಗೊಂಡ ಕೀಲಿನಲ್ಲಿ ಮ್ಯಾಕ್ರೊಫೇಜ್‌ಗಳು ಖಾಲಿಯಾಗಿರಲಿಲ್ಲ. ಬದಲಿಗೆ ಮರ್‌ಟಿಕೆ ಎಂಬ ಗುರುತು ಹೊತ್ತ ಒಂದು ಬಗೆ ಅಲ್ಲಿ ತುಂಬಿತ್ತು. ಅವು ಉರಿಯೂತ ಆರಿಸುವ ಸಂದೇಶ ಕಳಿಸುತ್ತಿದ್ದವು, ಅಕ್ಕಪಕ್ಕದ ಫೈಬ್ರೊಬ್ಲಾಸ್ಟ್‌ಗಳಿಗೆ ದುರಸ್ತಿಯ ಪಾಠ ಹೇಳುತ್ತಿದ್ದವು. ಶಮನ ಎಂದರೆ ಸೈನ್ಯವಿಲ್ಲದ ಬಯಲಲ್ಲ, ಬೇರೆ ಪಾಳಿಯ ಕಾವಲು. ಮನುಷ್ಯರ ಕೀಲಿನಲ್ಲಿ ಈ ಸಾಕ್ಷ್ಯ ಇನ್ನೂ ಸಣ್ಣ ಸಂಖ್ಯೆಯದು, ಒಪ್ಪುತ್ತೇನೆ. ಆದರೆ ಇಲಿಯೂ ಮನುಷ್ಯನೂ ಒಂದೇ ದಿಕ್ಕಿಗೆ ಬೆರಳು ತೋರಿದಾಗ ಗಾದೆಯ ಮೇಲಿನ ಅನುಮಾನ ಬಲಿಯುತ್ತದೆ.

ಹೊಲದ ಮಣ್ಣೂ ನಿರಪರಾಧಿಯಲ್ಲ. ಸಂಧಿವಾತ ರೋಗಿಗಳ ಕೀಲಿನಿಂದ ತೆಗೆದ ಫೈಬ್ರೊಬ್ಲಾಸ್ಟ್‌ಗಳನ್ನು, ಟಿ ಕೋಶವೂ ಬಿ ಕೋಶವೂ ಇಲ್ಲದ ಇಲಿಗಳ ದೇಹದಲ್ಲಿ ಮೃದ್ವಸ್ಥಿಯ ಪಕ್ಕ ನೆಟ್ಟ ಪ್ರಯೋಗ 1990ರ ದಶಕದಷ್ಟು ಹಳೆಯದು. ಪ್ರಚೋದಿಸುವ ಟಿ, ಬಿ ಕೋಶಗಳು ಒಂದೂ ಇಲ್ಲದೆಯೇ ಅವು ಮೃದ್ವಸ್ಥಿಯನ್ನು ಕೊರೆದವು. ವರ್ಷಗಟ್ಟಲೆ ಉರಿಯೂತದ ಸಹವಾಸದಲ್ಲಿದ್ದು ನೇಕಾರರೇ ಪುಂಡರಾಗಿದ್ದರು, ಸಹವಾಸ ತಪ್ಪಿದರೂ ಚಾಳಿ ತಪ್ಪಿರಲಿಲ್ಲ. 2019ರಲ್ಲಿ ಬರ್ಮಿಂಗ್‌ಹ್ಯಾಮ್ ತಂಡ ಇವರಲ್ಲೂ ಎರಡು ಪಂಗಡ ಗುರುತಿಸಿತು: ಪೊರೆಯ ಆಳದಲ್ಲಿರುವವು ಉರಿಯೂತವನ್ನು ಊದುತ್ತವೆ, ಮೇಲ್ಪದರದಲ್ಲಿರುವವು ಮೂಳೆ ಮೃದ್ವಸ್ಥಿಗಳನ್ನು ತಿನ್ನುತ್ತವೆ. ಸಂಧಿವಾತಕ್ಕೆ ಇಂದು ಬಳಕೆಯಲ್ಲಿರುವ ಒಂದು ಔಷಧವೂ ಫೈಬ್ರೊಬ್ಲಾಸ್ಟ್‌ಗಳನ್ನು ಗುರಿಯಾಗಿಟ್ಟು ತಯಾರಾದದ್ದಲ್ಲ. ರೋಗನಿರೋಧಕ ಕೋಶಗಳನ್ನು ಎಷ್ಟು ಹದ್ದುಬಸ್ತಿನಲ್ಲಿಟ್ಟರೂ ಕೆಲವರ ಕೀಲು ಬಗ್ಗದಿರುವುದಕ್ಕೆ ಇದು ಒಂದು ಕಾರಣವಿರಬೇಕು. ಕಾಯಿಲೆಯ ಬೇರು ಕಾಲಕ್ರಮದಲ್ಲಿ ಜಾಗ ಬದಲಿಸುತ್ತದೆ ಎಂಬುದಕ್ಕೆ 2024ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಒಂದು ಪ್ರಯೋಗವನ್ನೂ ಪಕ್ಕಕ್ಕಿಟ್ಟು ನೋಡಬಹುದು. ಪ್ರತಿಕಾಯ ಇದ್ದು, ಕೀಲುನೋವಿದ್ದು, ಊತ ಇನ್ನೂ ಬಾರದ 213 ಮಂದಿಯಲ್ಲಿ ಅರ್ಧ ಜನರಿಗೆ ಒಂದು ವರ್ಷ ಅಬಟಾಸೆಪ್ಟ್ ಕೊಟ್ಟರು. ವರ್ಷದ ಕೊನೆಗೆ ಔಷಧ ಪಡೆದವರಲ್ಲಿ ಶೇ 6 ಮಂದಿಗೆ, ಪಡೆಯದವರಲ್ಲಿ ಶೇ 29 ಮಂದಿಗೆ ಕಾಯಿಲೆ ಬಂತು. ಔಷಧ ನಿಲ್ಲಿಸಿದ ಮೇಲೆ ಅಂತರ ಕಿರಿದಾಗುತ್ತ ಹೋಯಿತು. ಟಿ ಕೋಶದ ಮಾತು ತಡೆಯುವುದರ ಫಲ ಆರಂಭದಲ್ಲಿ ದೊಡ್ಡದು, ಆದರೆ ತಡೆ ತೆಗೆದರೆ ಮಾತು ಮತ್ತೆ ಶುರು.

ಇಷ್ಟೆಲ್ಲ ಸೂಕ್ಷ್ಮ ದೋಹಾದ ರೋಗಿಗೆ ಏಕೆ ಬೇಕು ಎಂಬುದು ಎರಡನೇ ಆಕ್ಷೇಪ. ಕೀಲುಪೊರೆಯಲ್ಲಿ ಯಾವ ಮ್ಯಾಕ್ರೊಫೇಜ್ ಇದ್ದರೇನು, ಮೊದಲು ಸಿಗುವುದು ಹೆಚ್ಚಿನವರಿಗೆ ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟ್ ತಾನೇ? ಮಾತು ನಿಜ. ಆ ಮಾತ್ರೆಗೆ ನಮ್ಮ ಕಡೆಯ ನಂಟೂ ಇದೆ. ಭೀಮಾವರದಲ್ಲಿ ಹುಟ್ಟಿದ ಎಲ್ಲಾಪ್ರಗಡ ಸುಬ್ಬರಾವ್ ಅಮೆರಿಕದ ಲೆಡರ್ಲಿ ಪ್ರಯೋಗಾಲಯದಲ್ಲಿ ಮುನ್ನಡೆಸಿದ ಕೆಲಸದಿಂದಲೇ ಫೋಲಿಕ್ ಆಮ್ಲದ ಎದುರಾಳಿ ಔಷಧಗಳು ಹುಟ್ಟಿದವು. ಕ್ಯಾನ್ಸರಿಗೆಂದು ಬಂದ ಆ ಜಾತಿಯ ಔಷಧ ಅತಿ ಕಡಿಮೆ ಪ್ರಮಾಣದಲ್ಲಿ ಸಂಧಿವಾತಕ್ಕೆ ಒಪ್ಪಿಗೆ ಪಡೆದದ್ದು 1988ರಲ್ಲಿ. ಈ ಪ್ರಮಾಣದಲ್ಲಿ ಅದು ಕೋಶಗಳನ್ನು ಕೊಲ್ಲುವುದಕ್ಕಿಂತ, ಅಡೆನೊಸಿನ್ ಎಂಬ ಶಮನಕಾರಿಯನ್ನು ಹೆಚ್ಚಿಸಿ ಅವುಗಳ ಆವೇಶ ಇಳಿಸುತ್ತದೆ ಎಂಬುದೇ ಈಗಿನ ಪ್ರಬಲ ವಿವರಣೆ. ಇದು ಗೊತ್ತಿಲ್ಲದೆ ‘ಕ್ಯಾನ್ಸರ್ ಮಾತ್ರೆ, ಶಕ್ತಿಯನ್ನೆಲ್ಲ ಕೊಲ್ಲುತ್ತದೆ’ ಎಂದು ಹೆದರಿ ಡ್ರಾಯರಿನಲ್ಲಿಟ್ಟವರು ಎಷ್ಟೋ ಮಂದಿ. ವಾರಕ್ಕೊಂದು ದಿನ ಎಂಬುದನ್ನು ಮರೆತು ದಿನಾ ನುಂಗಿ ಪ್ರಾಣಕ್ಕೆ ತಂದುಕೊಂಡ ಪ್ರಕರಣಗಳೂ ಹಲವು ದೇಶಗಳಲ್ಲಿ ವರದಿಯಾಗಿವೆ. ಗಾದೆಯ ಇನ್ನೊಂದು ಅಡ್ಡಪರಿಣಾಮ ಇದರ ವಿರುದ್ಧ ದಿಕ್ಕಿನದು. ಬೇಲಿ ದುರ್ಬಲವಾಗಿದೆ, ಗಟ್ಟಿ ಮಾಡೋಣ ಎಂದು ರೋಗನಿರೋಧಕ ಶಕ್ತಿ ಹೆಚ್ಚಿಸುವ ಕಷಾಯಗಳಿಗೆ ಮೊರೆಹೋಗುವುದು. ಕೋವಿಡ್ ದಿನಗಳಲ್ಲಿ ಅಮೃತಬಳ್ಳಿ ಅತಿಯಾಗಿ ಸೇವಿಸಿ ಯಕೃತ್ತಿಗೆ ಪೆಟ್ಟಾದ ಆರು ರೋಗಿಗಳ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಬಳ್ಳಿಯನ್ನು ಸರಿಯಾಗಿ ಗುರುತಿಸಿಲ್ಲ ಎಂದು ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ. ಆ ವಿವಾದ ಹೇಗೇ ಇರಲಿ, ಸಂಧಿವಾತದಲ್ಲಿ ರೋಗನಿರೋಧಕ ಶಕ್ತಿ ಕಡಿಮೆಯಾಗಿದೆ ಎಂದುಕೊಂಡು ಅದನ್ನು ಕೆರಳಿಸುವುದು ತರ್ಕಕ್ಕೆ ನಿಲ್ಲದ ಮಾತು.

ಮೊದಲೇ ಹೇಳಿದ ಊರಿನ ನೆನಪು ಇಲ್ಲಿ ಬರುತ್ತದೆ. ಟಿಎನ್‌ಎಫ್ ಕೀಲಿನಲ್ಲಿ ಕೇಡಿಗ, ಶ್ವಾಸಕೋಶದಲ್ಲಿ ಕಾವಲುಗಾರ. ಎಂದೋ ಒಳಹೊಕ್ಕ ಕ್ಷಯದ ರೋಗಾಣುವನ್ನು ಮ್ಯಾಕ್ರೊಫೇಜ್‌ಗಳು ಸುತ್ತುವರಿದು ಗಂಟು ಕಟ್ಟಿ ವರ್ಷಾನುಗಟ್ಟಲೆ ಒಳಗೇ ಕೂಡಿಹಾಕುವುದು ಟಿಎನ್‌ಎಫ್ ಬಲದಿಂದ. ಇನ್‌ಫ್ಲಿಕ್ಸಿಮ್ಯಾಬ್ ಪಡೆದ 70 ಮಂದಿಯಲ್ಲಿ ಕ್ಷಯ ಕಾಣಿಸಿಕೊಂಡದ್ದನ್ನು 2001ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ವರದಿ ಮಾಡಿತು. ಅರ್ಧಕ್ಕಿಂತ ಹೆಚ್ಚು ಮಂದಿಗೆ ಅದು ಶ್ವಾಸಕೋಶದಾಚೆಗೂ ಹರಡಿತ್ತು. ಕತಾರ್‌ಗೆ ಕೆಲಸಕ್ಕೆ ಹೋಗುವ ಪ್ರತಿಯೊಬ್ಬರೂ ಆರ್‌ಪಿ ಎಂಬ ವಾಸದ ಪರವಾನಗಿ ಸಿಗುವ ಮೊದಲು ‘ಮೆಡಿಕಲ್’ ಎಂಬ ತಪಾಸಣೆ ದಾಟಬೇಕು, ಅದರಲ್ಲಿ ಎದೆಯ ಎಕ್ಸ್‌ರೇಯೂ ಸೇರಿದೆ. ಎಕ್ಸ್‌ರೇಯಲ್ಲಿ ಕಾಣುವುದು ಎದ್ದ ಕ್ಷಯ ಅಥವಾ ಅದು ಬಿಟ್ಟುಹೋದ ಕಲೆ, ಮಲಗಿದ್ದಲ್ಲ. ಭಾರತ, ನೇಪಾಳ, ಬಾಂಗ್ಲಾದೇಶ, ಫಿಲಿಪೀನ್ಸ್ ಕ್ಷಯ ಹೆಚ್ಚಿರುವ ದೇಶಗಳಾದ್ದರಿಂದ ಮಲಗಿದ ರೋಗಾಣುವನ್ನು ಹೊತ್ತವರು ಆ ಜನಸಮೂಹದಲ್ಲಿ ಕಡಿಮೆಯೇನಲ್ಲ. ಅದಕ್ಕೇ ಚುಚ್ಚುಮದ್ದು ಶುರುಮಾಡುವ ಮೊದಲು ಕ್ವಾಂಟಿಫೆರಾನ್‌ನಂಥ ರಕ್ತಪರೀಕ್ಷೆ. ಆ ಪರೀಕ್ಷೆ ರೋಗಾಣುವನ್ನು ಹುಡುಕುವುದಿಲ್ಲ. ಟಿ ಕೋಶಗಳಿಗೆ ಕ್ಷಯದ ತುಣುಕೊಂದನ್ನು ತೋರಿಸಿ ಗುರುತು ಸಿಗುತ್ತದೆಯೇ ಎಂದು ವಿಚಾರಿಸುತ್ತದೆ. ಪುತ್ತೂರಿನಲ್ಲೋ ಭಟ್ಕಳದಲ್ಲೋ ಬಾಲ್ಯದಲ್ಲಿ ಕೆಮ್ಮಿದ ಯಾರದೋ ಉಸಿರಿನ ನೆನಪನ್ನು ದೋಹಾದ ಪ್ರಯೋಗಾಲಯದಲ್ಲಿ ಟಿ ಕೋಶ ಒಪ್ಪಿಸುತ್ತದೆ. ಈ ಪರೀಕ್ಷೆ ಬರೆದುಕೊಟ್ಟಾಗ ‘ನನಗೆ ಟಿಬಿ ಇಲ್ಲವಲ್ಲ, ಮೆಡಿಕಲ್ ಫಿಟ್ ಆಗಿದೆಯಲ್ಲ’ ಎಂದು ಹಿಂಜರಿಯುವವರ ಭಯ ಅರ್ಥವಾಗುವಂಥದು, ಕೆಲಸದ ಪ್ರಶ್ನೆ ಅದು. ಮೇಯುವ ಬೇಲಿಯನ್ನು ಕಡಿದುಹಾಕುವುದೇ ಚಿಕಿತ್ಸೆ ಎಂದು ನಂಬಿದವರಿಗೆ ಈ ಪರೀಕ್ಷೆ ಅನಗತ್ಯ ಕಿರಿಕಿರಿ. ಕೀಲಿನಲ್ಲಿ ಕೆಡುವ ಕೋಶವೇ ಎದೆಯಲ್ಲಿ ಕಾಯುತ್ತಿದೆ ಎಂದು ತಿಳಿದವರಿಗೆ ಅದು ಸಹಜ ಮುನ್ನೆಚ್ಚರಿಕೆ.

ಯಾವ ರೋಗಿಗೆ ಯಾವ ಔಷಧ ಎಂಬುದನ್ನು ಕೀಲುಪೊರೆಯ ಚೂರು ನೋಡಿ ನಿರ್ಧರಿಸಬಹುದೇ? ಟಿಎನ್‌ಎಫ್ ಔಷಧ ಹಿಡಿಯದ 164 ರೋಗಿಗಳ ಮೇಲೆ ಯುರೋಪಿನಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗ ಇದನ್ನು ಪರೀಕ್ಷಿಸಿತು. ಬಿ ಕೋಶವೇ ವಿರಳವಿರುವ ಕೀಲಿಗೆ ಬಿ ಕೋಶ ಕೊಲ್ಲುವ ರಿಟುಕ್ಸಿಮ್ಯಾಬ್‌ಗಿಂತ, ಉರಿಯೂತದ ಇನ್ನೊಂದು ಸಂದೇಶವನ್ನು ತಡೆಯುವ ಟೊಸಿಲಿಜುಮ್ಯಾಬ್ ವಾಸಿ ಎಂಬುದು ಊಹೆ. ಸೂಕ್ಷ್ಮದರ್ಶಕದಲ್ಲಿ ನೋಡಿ ವಿಂಗಡಿಸಿದಾಗ ಊಹೆ ಗಟ್ಟಿಯಾಗಿ ನಿಲ್ಲಲಿಲ್ಲ, ಕೋಶಗಳ ಆರ್‌ಎನ್‌ಎ ಓದಿ ವಿಂಗಡಿಸಿದಾಗ ಸ್ಪಷ್ಟ ಅಂತರ ಕಂಡಿತು. 2023ರಲ್ಲಿ ಅಮೆರಿಕದ ಸಂಶೋಧಕರ ಒಕ್ಕೂಟ ಮೂರು ಲಕ್ಷಕ್ಕೂ ಹೆಚ್ಚು ಕೋಶಗಳನ್ನು ಒಂದೊಂದಾಗಿ ಓದಿ ಸಂಧಿವಾತದ ಕೀಲುಗಳನ್ನು ಆರು ಬಗೆಗಳಾಗಿ ವಿಂಗಡಿಸಿತು. ಆದರೆ ಈ ಓದು ಯಾರ ಕೀಲುಗಳದು? ಅರಬ್ ಜನರಲ್ಲಿ ಸಂಧಿವಾತದ ಆನುವಂಶಿಕತೆಯನ್ನು ಹುಡುಕಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಜೋರ್ಡಾನ್, ಲೆಬನಾನ್, ಸೌದಿ, ಯುಎಇಗಳ ಜತೆ ಕತಾರ್ ಕೂಡ ಇತ್ತು. ಎಚ್‌ಎಲ್‌ಎ ನಂಟು ಅಲ್ಲೂ ದೃಢಪಟ್ಟಿತು. ಕತಾರ್ ಬಯೋಬ್ಯಾಂಕ್ 2012ರಿಂದ ಕೂಡಿಹಾಕುತ್ತಿರುವ ರಕ್ತದ ಮಾದರಿಗಳು, ಅದರ ಮೇಲೆ ನಿಂತ ಜೀನೋಮ್ ಯೋಜನೆ ಆ ಪ್ರದೇಶಕ್ಕೆ ದೊಡ್ಡ ಆಸ್ತಿ. ಅದಕ್ಕೆ ಸೇರಲು ಅರ್ಹರಾದವರು ಕತಾರಿ ಪ್ರಜೆಗಳು ಮತ್ತು ಅಲ್ಲಿ ಹದಿನೈದು ವರ್ಷ ಕಳೆದ ನಿವಾಸಿಗಳು. ದೀರ್ಘಕಾಲ ಹಿಂಬಾಲಿಸಿ ನೋಡುವ ಅಧ್ಯಯನಕ್ಕೆ ಅಂಥ ನಿಯಮ ಬೇಕು, ಸರಿ. ಆದರೂ ಎರಡು ವರ್ಷದ ಗುತ್ತಿಗೆಯನ್ನು ಮತ್ತೆ ಮತ್ತೆ ನವೀಕರಿಸಿಕೊಳ್ಳುವ ಮನೆಗೆಲಸದ ಹೆಂಗಸಿನ ಮಣಿಕಟ್ಟು ಆ ಲೆಕ್ಕದಲ್ಲೂ ಇರುವುದಿಲ್ಲ, ಅವಳ ಊರಿನ ಲೆಕ್ಕದಲ್ಲೂ ಇರುವುದಿಲ್ಲ. ಕೋಶಗಳ ಓದು ಮುಂದುವರಿದಷ್ಟೂ ಈ ಅಂತರ ಹಿಗ್ಗುತ್ತದೆ ಎಂಬುದು ನನ್ನ ಆತಂಕ.

ಗಲ್ಫ್‌ನಲ್ಲಿ ಎಲ್ಲ ಕೀಲುನೋವಿಗೂ ಏಸಿಯನ್ನೇ ದೂರುವುದು ವಾಡಿಕೆ, ಊರಿನಲ್ಲಿ ಥಂಡಿಯನ್ನು. ತಂಪಿನಲ್ಲಿ ಬಿಗಿತ ಹೆಚ್ಚೆನಿಸಬಹುದು, ಅನುಭವವನ್ನು ಅಲ್ಲಗಳೆಯಬೇಕಿಲ್ಲ. ಆದರೆ ವರ್ಷಗಳ ಹಿಂದೆಯೇ ಪ್ರತಿಕಾಯ ಹುಟ್ಟಿಸಿಕೊಂಡ ಬಿ ಕೋಶಕ್ಕೆ ಏಸಿಯ ರಿಮೋಟಿನ ಗೊಡವೆ ಇಲ್ಲ. ಈ ತಪ್ಪು ನಂಬಿಕೆಯಿಂದ ಆಗುವ ನಿಜವಾದ ನಷ್ಟ ಸಮಯದ್ದು. ಮುಲಾಮು ಹಚ್ಚಿಕೊಂಡು, ಕೋಣೆ ಬದಲಿಸಿಕೊಂಡು ಕಳೆಯುವ ಮೊದಲ ಕೆಲವು ತಿಂಗಳುಗಳೇ ಔಷಧ ಅತಿ ಚೆನ್ನಾಗಿ ಹಿಡಿಯುವ ಕಾಲ. ಅಷ್ಟರಲ್ಲಿ ನೇಕಾರರು ಪುಂಡರಾಗಿರುತ್ತಾರೆ.

ದೋಹಾದ ಶಾಲೆಗಳಿಗೆ ಬೇಸಿಗೆ ರಜೆ ಬಂದಾಗ ಕರಾವಳಿಯಲ್ಲಿ ಆಟಿ ತಿಂಗಳ ಮಳೆ. ಕುಟುಂಬಗಳು ಒಂದೆರಡು ತಿಂಗಳಿಗೆ ಊರಿಗೆ ಬರುತ್ತವೆ. ನೋವು ಪೂರ್ತಿ ಹೋಗಿದೆ, ಊರಲ್ಲಿ ನೆಂಟರ ಮನೆ, ಓಡಾಟ, ಅಷ್ಟು ದಿನ ಮಾತ್ರೆ ಯಾಕೆ ಎನಿಸುವುದು ಸಹಜ. ಶಮನ ಕಂಡವರಲ್ಲಿ ಔಷಧ ಮುಂದುವರಿಸುವುದು, ಇಳಿಸುವುದು, ನಿಲ್ಲಿಸುವುದು ಎಂದು ಮೂರು ಗುಂಪು ಮಾಡಿದ ಜರ್ಮನಿಯ ರೆಟ್ರೊ ಅಧ್ಯಯನದಲ್ಲಿ, ಪೂರ್ತಿ ನಿಲ್ಲಿಸಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ವರ್ಷದೊಳಗೆ ಕಾಯಿಲೆ ಮರುಕಳಿಸಿತು. ಮುಂದುವರಿಸಿದವರಲ್ಲಿ ಐವರಲ್ಲಿ ಒಬ್ಬರಿಗಿಂತ ಕಡಿಮೆ ಮಂದಿಗೆ. ಉಳಿದವರು, ಅಂದರೆ ನಿಲ್ಲಿಸಿಯೂ ಆರಾಮವಾಗಿದ್ದವರು, ಯಾರು? ನೇಚರ್ ಮೆಡಿಸಿನ್‌ನ ಆ 2020ರ ಅಧ್ಯಯನ ಕೊಡುವ ಸುಳಿವು ಇದು: ಶಮನದ ಹೊತ್ತಿನಲ್ಲಿ ಯಾರ ಕೀಲುಪೊರೆಯಲ್ಲಿ ಮರ್‌ಟಿಕೆ ಗುರುತಿನ ಮ್ಯಾಕ್ರೊಫೇಜ್‌ಗಳು ಕಡಿಮೆ ಇದ್ದವೋ ಅವರಿಗೆ ಔಷಧ ನಿಂತ ಮೇಲೆ ಕಾಯಿಲೆ ಮರಳುವ ಸಂಭವ ಹೆಚ್ಚಿತ್ತು. ಬೆರಳು ಮತ್ತೆ ಊದಿಕೊಂಡಾಗ ಮನೆಮಂದಿಯೆಲ್ಲ ಮಳೆಯನ್ನು ಬೈಯುತ್ತಾರೆ. ವಿಮಾನ ಹತ್ತುವ ದಿನ ಆ ಪೊರೆಯಲ್ಲಿ ಕಾವಲಿಗೆ ಎಷ್ಟು ಮಂದಿ ಉಳಿದಿದ್ದರು ಎಂಬುದನ್ನು ಎಣಿಸಲು ಸದ್ಯಕ್ಕೆ ಕೀಲಿಗೆ ಸೂಜಿ ಹಾಕಿ ಚೂರು ತೆಗೆಯಬೇಕು. ಆಸ್ಪತ್ರೆಯಲ್ಲಿ ಮಾಮೂಲಾಗಿ ಮಾಡುವ ಇಎಸ್‌ಆರ್, ಸಿಆರ್‌ಪಿ ರಕ್ತಪರೀಕ್ಷೆಗಳಿಗೆ ಆ ಲೆಕ್ಕ ಸಿಗುವುದಿಲ್ಲ.